ಮೂವತ್ತು ನಕ್ಷತ್ರ ಬೇಡ, ಸಾವಿರ ಪುಟ ಓದೋಣ

ಕಳೆದ ವರ್ಷ ರಾಜ್ಯೋತ್ಸವದ ಧ್ವಜಾರೋಹಣ ಮುಗಿದ ಮೇಲೆ ನಮ್ಮ ಗ್ರಂಥಾಲಯದ ಗೋಡೆಗೆ ಒಂದು ದೊಡ್ಡ ಚಾರ್ಟ್ ಅಂಟಿಸಿದ್ದು ನಿಮಗೆ ನೆನಪಿರಬಹುದು. ಎಡಗಡೆ ನಮ್ಮ ಹೆಸರು, ಬಲಗಡೆ ಮೂವತ್ತು ಖಾಲಿ ಚೌಕ. ಒಂದು ಕನ್ನಡ ಪುಸ್ತಕ ಓದಿ ಮುಗಿಸಿದರೆ ಒಂದು ಚೌಕಕ್ಕೆ ಬಂಗಾರದ ಬಣ್ಣದ ನಕ್ಷತ್ರ. ಮೂವತ್ತು ದಿನ, ಮೂವತ್ತು ಪುಸ್ತಕ. ನಾನು ಆಗ ಪ್ರಥಮ ಪಿಯುಸಿ. ಯಾರು ಯಾರು ಸೇರುತ್ತೀರಿ ಎಂದು ಕೇಳಿದಾಗ ಮೊದಲು ಕೈ ಎತ್ತಿದವಳು ನಾನೇ.

ತಿಂಗಳ ಕೊನೆಗೆ ನನ್ನ ಹೆಸರಿನ ಮುಂದೆ ಒಂಬತ್ತು ನಕ್ಷತ್ರಗಳಿದ್ದವು. ಈಗ ಒಂದು ವರ್ಷ ಕಳೆದಿದೆ, ಹೇಳಿಬಿಡುತ್ತೇನೆ: ಅವುಗಳಲ್ಲಿ ನಿಜವಾದವು ನಾಲ್ಕು. ಮೂರು ನಕ್ಷತ್ರ ಪುಟ್ಟ ಮಕ್ಕಳ ಚಿತ್ರದ ಪುಸ್ತಕಗಳಿಗೆ ಸಿಕ್ಕಿದ್ದು. ಉಳಿದ ಎರಡು ನಾನು ಅರ್ಧಕ್ಕೇ ಬಿಟ್ಟ ಪುಸ್ತಕಗಳದ್ದು. ಅವುಗಳಲ್ಲೊಂದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ನಕ್ಷತ್ರ ಅಂಟಿಸಿದ ಮಾರನೆಯ ದಿನ ಕ್ಯಾಂಟೀನಿನಲ್ಲಿ ಒಬ್ಬ ಗೆಳತಿ ಕೇಳಿದಳು, "ಹೌದಾ, ಮುಗಿಸಿದೆಯಾ? ಕೊನೆಗೆ ಆ ಹಾರುವ ಓತಿ ಸಿಗುತ್ತಾ?" ನನಗೆ ಗೊತ್ತಿರಲಿಲ್ಲ. "ಅದನ್ನ ಹೇಳಿದ್ರೆ ಮಜಾ ಹೋಗುತ್ತೆ" ಎಂದು ನಕ್ಕು ತಪ್ಪಿಸಿಕೊಂಡೆ. ಅವತ್ತು ತಿಂದ ಸಮೋಸ ಗಂಟಲಲ್ಲಿ ಇಳಿಯಲಿಲ್ಲ.

ಇನ್ನು ಕೆಲವೇ ದಿನಗಳಲ್ಲಿ ಮತ್ತೆ ನವೆಂಬರ್ ಬರುತ್ತದೆ. ಚಾರ್ಟ್ ಮತ್ತೆ ಗೋಡೆಗೆ ಬರಬೇಕು ಎಂದೇ ನನ್ನ ಆಸೆ. ಗುರಿ ದೊಡ್ಡದಿರಲಿ ಎಂಬುದೂ ನನ್ನ ಅಭಿಪ್ರಾಯ. ಆದರೆ ಚೌಕಗಳು ಬದಲಾಗಬೇಕು. ಪುಸ್ತಕ ಎಣಿಸುವುದನ್ನು ಬಿಟ್ಟು ಪುಟ ಎಣಿಸೋಣ. ಒಂದು ತಿಂಗಳು, ಒಂದು ಸಾವಿರ ಪುಟ. ಏಕೆ ಎಂದು ಹೇಳುತ್ತೇನೆ.

ಮೊದಲು ಒಂದು ಲೆಕ್ಕ. ಲೆಕ್ಕ ಮಾಡದೆ ಕೈ ಎತ್ತಿದ್ದೇ ನನ್ನ ಮೊದಲ ತಪ್ಪು. ನನ್ನ ಕನ್ನಡ ಓದಿನ ವೇಗವನ್ನು ಆಮೇಲೆ ಅಳೆದು ನೋಡಿದೆ. ಫೋನಿನಲ್ಲಿ ಇಪ್ಪತ್ತು ನಿಮಿಷದ ಅಲಾರಂ ಇಟ್ಟು ಓದಲು ಕುಳಿತರೆ ಐದು ಪುಟ. ಅಂದರೆ ಗಂಟೆಗೆ ಹದಿನೈದು. ತೆಳ್ಳಗಿನ ಪುಸ್ತಕಗಳನ್ನೇ ಆರಿಸಿದರೂ ಒಂದೊಂದು ನೂರು ಪುಟ ಎಂದಿಟ್ಟುಕೊಳ್ಳಿ. ಮೂವತ್ತು ಪುಸ್ತಕಕ್ಕೆ ಮೂರು ಸಾವಿರ ಪುಟ, ಇನ್ನೂರು ಗಂಟೆ. ದಿನಕ್ಕೆ ಆರು ಗಂಟೆ ನಲವತ್ತು ನಿಮಿಷ! ಕಾಲೇಜು, ಟ್ಯೂಷನ್, ಲ್ಯಾಬ್ ರೆಕಾರ್ಡ್, ಮನೆಗೆಲಸ ಎಲ್ಲ ಇರುವಾಗ ಇದು ಯಾರಿಂದ ಸಾಧ್ಯ? ಆಗದ ಗುರಿ ಇಟ್ಟರೆ ಮನುಷ್ಯ ಒಂದೋ ಬಿಟ್ಟುಬಿಡುತ್ತಾನೆ, ಇಲ್ಲವೇ ಸುಳ್ಳು ಹೇಳುತ್ತಾನೆ. ನಾನು ಎರಡನೆಯದನ್ನು ಮಾಡಿದೆ.

ಪುಸ್ತಕದ ಲೆಕ್ಕದಲ್ಲಿ ಇನ್ನೊಂದು ಅನ್ಯಾಯವಿದೆ. ಬೊಳುವಾರು ಮಹಮದ್ ಕುಂಞಿ ಅವರ 'ಸ್ವಾತಂತ್ರ್ಯದ ಓಟ' ಸಾವಿರ ಪುಟ ದಾಟುವ ಕಾದಂಬರಿ. 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ನಮ್ಮಲ್ಲಿ ಯಾರಾದರೂ ಇಡೀ ತಿಂಗಳು ಕುಳಿತು ಅದನ್ನು ಓದಿದ್ದರೆ ಆ ಚಾರ್ಟಿನಲ್ಲಿ ಅವರಿಗೆ ಸಿಗುತ್ತಿದ್ದದ್ದು ಒಂದೇ ನಕ್ಷತ್ರ. ಚಿತ್ರದ ಪುಸ್ತಕ ತಿರುವಿದ ನನಗೆ ಮೂರು!

"ಹಾಗಾದರೆ ಗುರಿಯೇ ಯಾಕೆ? ಓದು ಸಂತೋಷಕ್ಕೆ. ಅದಕ್ಕೆ ಸಂಖ್ಯೆ ಕಟ್ಟಬಾರದು" ಎಂದು ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಈ ಮಾತು ಆಗಲೇ ಸರಾಗವಾಗಿ ಓದಬಲ್ಲವರದ್ದು. ನಮ್ಮ ತರಗತಿಗಳನ್ನು ನೋಡಿ. ನಮ್ಮಲ್ಲಿ ಬಹಳಷ್ಟು ಜನರ ಮನೆಯ ಮಾತು ದಖನಿ ಉರ್ದು. ಕೆಲವರದ್ದು ತಮಿಳು, ತೆಲುಗು, ಬ್ಯಾರಿ, ಮಲಯಾಳಂ. ಪಾಠ ಇಂಗ್ಲಿಷಿನಲ್ಲಿ. ಭಾಷಾ ವಿಷಯವಾಗಿ ಕನ್ನಡದ ಬದಲು ಹಿಂದಿ, ಉರ್ದು, ಅರೇಬಿಕ್ ತೆಗೆದುಕೊಂಡವರೂ ಇದ್ದೇವೆ. ಕನ್ನಡ ಮಾತಾಡುತ್ತೇವೆ, ಬಸ್ಸಿನ ಬೋರ್ಡ್ ಓದುತ್ತೇವೆ, ಅಂಗಡಿಯಲ್ಲಿ ಚೌಕಾಸಿ ಮಾಡುತ್ತೇವೆ. ಆದರೆ ಕಾದಂಬರಿಯ ಒಂದು ಪುಟ ತೆರೆದರೆ ಒತ್ತಕ್ಷರಗಳ ಮೇಲೆ ಎಡವಿ ಎಡವಿ ಸಾಗುತ್ತೇವೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಮೊದಲು ಏನಿತ್ತು ಎಂಬುದು ಮರೆತಿರುತ್ತದೆ. ಹೀಗೆ ಓದುವವರಿಗೆ ಸಂತೋಷ ಎಲ್ಲಿಂದ ಬರಬೇಕು? ಈಜು ಬಾರದವನಿಗೆ ನೀರಿನ ಸುಖ ಹೇಳಿದ ಹಾಗೆ.

ನನ್ನ ಅನುಭವ ಇದು: ಓದಿನ ಸಂತೋಷ ವೇಗದ ಹಿಂದೆ ಬರುತ್ತದೆ, ವೇಗ ಪುಟಗಳ ಹಿಂದೆ ಬರುತ್ತದೆ. ವಾರಕ್ಕೆ ಎರಡು ಪುಟ ಓದಿದರೆ ವರ್ಷವಾದರೂ ಎಡವುವುದು ನಿಲ್ಲುವುದಿಲ್ಲ. ಒಮ್ಮೆ ಒಟ್ಟಿಗೆ, ದಿನ ಬಿಡದೆ, ಸ್ವಲ್ಪ ಹೆಚ್ಚೇ ಓದಬೇಕು. ಸೈಕಲ್ ಕಲಿಯುವಾಗ ಮೊದಲ ಹತ್ತು ದಿನ ಬೀಳದೆ ಇರಲು ಆಗುವುದಿಲ್ಲ ತಾನೇ? ಅದಕ್ಕೇ ಒಂದು ತಿಂಗಳು ಬೇಕು, ಅದಕ್ಕೇ ದೊಡ್ಡ ಗುರಿಯೂ ಬೇಕು.

ದೊಡ್ಡ ಗುರಿ, ಕಡಿಮೆ ಸಮಯ, ಹೊಸ ಭಾಷೆ. ಇದಕ್ಕೆ ನಮ್ಮ ಕಣ್ಣೆದುರಿಗೇ ಒಂದು ಉದಾಹರಣೆ ಇದೆ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿದರು. ಆಗ ಶಾಲೆಯವರು ಹಾಕಿದ ಷರತ್ತು: ಆರು ತಿಂಗಳಲ್ಲಿ ಈ ಹುಡುಗಿ ಕನ್ನಡ ಓದಲು, ಬರೆಯಲು ಕಲಿಯಬೇಕು. ಕೆಲವೇ ದಿನಗಳಲ್ಲಿ ಆ ಹುಡುಗಿ ಕನ್ನಡ ಬರೆಯತೊಡಗಿದಳು. ಮುಂದೆ ವಕೀಲರಾದರು, ಕತೆ ಬರೆದರು. ಅವುಗಳಲ್ಲಿ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು, ಆ ಪುಸ್ತಕಕ್ಕೆ ಬುಕರ್ ಬಂತು. ಪ್ರಶಸ್ತಿ ಬಂದಾಗ ನಾವೆಲ್ಲ ವಾಟ್ಸಾಪ್ ಸ್ಟೇಟಸ್ ಹಾಕಿದೆವು. ನಾನೂ ಹಾಕಿದೆ. ಅವರ ಒಂದು ಕತೆಯನ್ನು ಕನ್ನಡದಲ್ಲಿ ಓದಿ ಸ್ಟೇಟಸ್ ಹಾಕಿದವರು ನಮ್ಮಲ್ಲಿ ಎಷ್ಟು ಜನ? ನಾನು ಆಗ ಓದಿರಲಿಲ್ಲ. ಅವರ ಕತೆಗಳಲ್ಲಿ ಇರುವುದು ನಮ್ಮ ಮನೆಗಳೇ, ನಮ್ಮ ಅಮ್ಮಿ, ಖಾಲಾ, ನಾನಿಯರೇ. ನಮ್ಮ ಮನೆಯ ಕತೆಯನ್ನು ಇಡೀ ಜಗತ್ತು ಇಂಗ್ಲಿಷಿನಲ್ಲಿ ಓದುತ್ತಿರುವಾಗ, ಅದನ್ನು ಬರೆದ ಭಾಷೆಯಲ್ಲೇ ಓದಬಲ್ಲ ನಾವು ಓದದೆ ಕೂತರೆ ನಷ್ಟ ಯಾರಿಗೆ?

ಸರಿ, ಯೋಜನೆ ಮಾಡುವುದು ಹೇಗೆ? ನನಗೆ ಅದನ್ನು ಕಲಿಸಿದವರು ನನ್ನ ನಾನಿ. ಅವರು ಕನ್ನಡ ಓದುವುದಿಲ್ಲ. ಆದರೆ ಪ್ರತಿ ರಂಜಾನಿನಲ್ಲಿ ಅವರು ಕುರ್‌ಆನ್ ಖತಮ್ ಮಾಡುತ್ತಾರೆ. ಮೂವತ್ತು ಪಾರಾ, ದಿನಕ್ಕೊಂದು. ಇದು ನಮಗೆಲ್ಲ ಗೊತ್ತಿರುವ ವಿಷಯವೇ. ನಾನು ಗಮನಿಸದೆ ಇದ್ದದ್ದು ಅವರು ಅದನ್ನು ಮಾಡುವ ಬಗೆ. ಅವರ ಮುಸ್‌ಹಫ್‌ನಲ್ಲಿ ಒಂದು ಪಾರಾ ಸುಮಾರು ಇಪ್ಪತ್ತು ಪುಟ. ಅದನ್ನು ಅವರು ಒಮ್ಮೆಲೇ ಓದುವುದಿಲ್ಲ. ಐದು ಹೊತ್ತಿನ ನಮಾಜಿನ ನಂತರ ನಾಲ್ಕು ನಾಲ್ಕು ಪುಟ. ಓದಿಗೆ ಬೇರೆ ಸಮಯ ಹುಡುಕುವುದೇ ಇಲ್ಲ, ಆಗಲೇ ಇರುವ ಹೊತ್ತಿಗೆ ಓದನ್ನು ಕಟ್ಟಿಬಿಡುತ್ತಾರೆ. ಇನ್ನೊಂದು ಜಾಣತನ: ಚಾಂದ್ ಇಪ್ಪತ್ತೊಂಬತ್ತಕ್ಕೇ ಕಾಣಿಸಿದರೆ ಒಂದು ದಿನ ಕಡಿಮೆಯಾಗುತ್ತದಲ್ಲ? ಹಾಗಾಗಿ ಮೊದಲ ಹತ್ತು ದಿನಗಳಲ್ಲೇ ಒಂದೆರಡು ಪಾರಾ ಮುಂದೆ ಓದಿಟ್ಟುಕೊಳ್ಳುತ್ತಾರೆ. ಮನೆಗೆ ನೆಂಟರು ಬಂದರೂ, ಜ್ವರ ಬಂದರೂ ಲೆಕ್ಕ ತಪ್ಪುವುದಿಲ್ಲ. "ಥೋಡಾ ಥೋಡಾ ಪಢೋ, ಪನ್ ರೋಜ್ ಪಢೋ" ಎನ್ನುತ್ತಾರೆ. ಸ್ವಲ್ಪ ಸ್ವಲ್ಪವೇ ಓದು, ಆದರೆ ದಿನಾ ಓದು.

ಕುರ್‌ಆನ್ ಓದುವುದು ಇಬಾದತ್. ಕಾದಂಬರಿ ಓದುವುದನ್ನು ಅದಕ್ಕೆ ಸಮ ಎಂದು ನಾನು ಹೇಳುತ್ತಿಲ್ಲ. ಕಲಿತದ್ದು ಕ್ರಮವನ್ನು ಮಾತ್ರ. ಇಂಥ ಕ್ರಮ ಎಲ್ಲರ ಮನೆಯಲ್ಲೂ ಇದೆ. ನನ್ನ ಗೆಳತಿಯೊಬ್ಬಳ ಅಜ್ಜಿಯ ಊರಿನಲ್ಲಿ ಶ್ರಾವಣ ಮಾಸ ಬಂದರೆ ದೇವಸ್ಥಾನದ ಜಗಲಿಯಲ್ಲಿ ಜೈಮಿನಿ ಭಾರತ ಓದಿಸುತ್ತಿದ್ದರಂತೆ. ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಅಕ್ಷರ ಬಾರದವರೂ ತಿಂಗಳ ಕೊನೆಗೆ ಇಡೀ ಕತೆ ತಿಳಿದಿರುತ್ತಿದ್ದರು. ತಿಂಗಳ ಓದು ನಮ್ಮ ನಾಡಿಗೆ ಹೊಸದಲ್ಲ. ನಕ್ಷತ್ರದ ಚಾರ್ಟ್ ಮಾತ್ರ ಹೊಸದು.

ಈ ವರ್ಷ ಜುಲೈನಲ್ಲಿ ನಾನು ಒಬ್ಬಳೇ, ಯಾರಿಗೂ ಹೇಳದೆ, ನಾನಿಯ ಕ್ರಮದಲ್ಲಿ ಪ್ರಯತ್ನಿಸಿದೆ. ಯಶವಂತಪುರದ ಕಡೆಯಿಂದ ಬಸ್ಸಿನಲ್ಲಿ ಬರುವವಳು ನಾನು. ಬಿಇಎಲ್ ಸರ್ಕಲ್ ಬಳಿ ವಾಹನಗಳ ಸಾಲಿನಲ್ಲಿ ನಿಂತಾಗ ಫೋನ್ ನೋಡುವುದು ನನ್ನ ಅಭ್ಯಾಸವಾಗಿತ್ತು. ಆ ಇಪ್ಪತ್ತು ನಿಮಿಷ ಪುಸ್ತಕಕ್ಕೆ ಕೊಟ್ಟೆ. ಮರಳುವಾಗ ಇಪ್ಪತ್ತು ನಿಮಿಷ. ರಾತ್ರಿ ಇಶಾ ನಮಾಜ್ ಆದ ಮೇಲೆ ಅರ್ಧ ಗಂಟೆ. ಭಾನುವಾರ ಮಾತ್ರ ಮೂರು ಗಂಟೆ. ಬಸ್ಸಿನ ಪಿಂಕ್ ಟಿಕೆಟ್ಟೇ ಪುಟದ ಗುರುತು. ಬಸ್ಸಿನಲ್ಲಿ ನಿಂತು ಬರಬೇಕಾದ ದಿನ ಓದಲು ಆಗುತ್ತಿರಲಿಲ್ಲ, ಅದನ್ನು ಭಾನುವಾರಕ್ಕೆ ಸೇರಿಸುತ್ತಿದ್ದೆ.

ಗುರಿ ಸಾವಿರ ಪುಟ. ಮುಟ್ಟಿದ್ದು 840. ಸೋತೆ ಎನ್ನಬಹುದು. ಆದರೆ ತಿಂಗಳ ಕೊನೆಯ ದಿನ ಮತ್ತೆ ಅಲಾರಂ ಇಟ್ಟು ಅಳೆದೆ: ಇಪ್ಪತ್ತು ನಿಮಿಷಕ್ಕೆ ಎಂಟು ಪುಟ. ಐದರಿಂದ ಎಂಟು! ಒತ್ತಕ್ಷರದ ಮುಂದೆ ನಿಲ್ಲುವುದು ತಪ್ಪಿತ್ತು. ಒಂದು ದಿನವಂತೂ ಓದುತ್ತ ಓದುತ್ತ ಇಳಿಯಬೇಕಾದ ಸ್ಟಾಪ್ ದಾಟಿ ಮುಂದೆ ಹೋಗಿದ್ದೆ. ಮೊದಲ ಪೀರಿಯಡ್‌ಗೆ ತಡವಾಗಿ ಬಂದು ಬೈಸಿಕೊಂಡೆ. ಆದರೆ ಒಳಗೊಳಗೇ ಖುಷಿ. ಕನ್ನಡ ಪುಸ್ತಕ ನನ್ನನ್ನು ಸ್ಟಾಪ್ ಮರೆಸಿತಲ್ಲ!

ಈಗ ನವೆಂಬರ್ ಲೆಕ್ಕ ಹಾಕೋಣ. ಐದು ಭಾನುವಾರ ಬರುತ್ತವೆ, ಉಳಿದ ದಿನ ಇಪ್ಪತ್ತೈದು. ದಿನಕ್ಕೆ ಎಪ್ಪತ್ತು ನಿಮಿಷ, ಭಾನುವಾರ ಮೂರು ಗಂಟೆ ಎಂದರೆ ಒಟ್ಟು ನಲವತ್ತನಾಲ್ಕು ಗಂಟೆ. ಈಗಿನ ವೇಗ ಗಂಟೆಗೆ ಹದಿನೈದು ಪುಟ ಇರುವವರಿಗೆ 660 ಪುಟ ಖಂಡಿತ. ಓದುತ್ತ ವೇಗ ಹೆಚ್ಚಿದರೆ 850, 900. ಸಾವಿರ ಮುಟ್ಟಲು ಇನ್ನೂ ಸ್ವಲ್ಪ ಕೈ ಚಾಚಬೇಕು. ಗುರಿ ಇರಬೇಕಾದದ್ದೇ ಹಾಗೆ. ಕೈ ಚಾಚಿದರೆ ಸಿಗುವ ಎತ್ತರದಲ್ಲಿ ಇರಬೇಕು, ಏಣಿ ಹಾಕಿದರೂ ಸಿಗದ ಎತ್ತರದಲ್ಲಲ್ಲ. ನಿಮ್ಮ ವೇಗ ನನಗಿಂತ ಹೆಚ್ಚಿದ್ದರೆ ನಿಮ್ಮ ಗುರಿ ಸಾವಿರದ ಐನೂರು ಇರಲಿ. ಕಡಿಮೆ ಇದ್ದರೆ ಏಳುನೂರು. ಅಕ್ಟೋಬರ್ ಮುಗಿಯುವ ಮೊದಲು ಒಮ್ಮೆ ಅಳೆದು ನೋಡಿಕೊಳ್ಳಿ, ಅಷ್ಟೆ.

ಪುಸ್ತಕಗಳ ಸರದಿಯೂ ಮುಖ್ಯ. ಮೊದಲ ದಿನವೇ ದಪ್ಪ ಕಾದಂಬರಿ ಹಿಡಿದರೆ ಮೂರನೆಯ ದಿನಕ್ಕೆ ಸುಸ್ತು. ಮೊದಲ ವಾರ ಬಿಡಿ ಬಿಡಿಯಾಗಿ ಓದಬಹುದಾದದ್ದು ಇರಲಿ: ಬಾನು ಮುಷ್ತಾಕ್ ಅವರ ಕತೆಗಳು, ತೇಜಸ್ವಿಯವರ 'ಪರಿಸರದ ಕತೆ'. ಒಂದು ಕೂತು ಓದಿದರೆ ಒಂದು ಕತೆ ಮುಗಿಯುತ್ತದೆ, ಮುಗಿಸಿದ ಧೈರ್ಯ ಬರುತ್ತದೆ. ಎರಡನೆಯ ವಾರ ಚಿಕ್ಕ ಕಾದಂಬರಿ: ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ', ಶಿವರಾಮ ಕಾರಂತರ 'ಚೋಮನ ದುಡಿ'. ನಾದಿರಾಳ ಕತೆ ಓದಿ ನಮ್ಮ ಮನೆಯಲ್ಲಿ ಅಮ್ಮಿಗೂ ನನಗೂ ಎರಡು ದಿನ ಚರ್ಚೆ ನಡೆಯಿತು. ಮೂರನೆಯ ವಾರ 'ಕರ್ವಾಲೊ'ದಂಥದ್ದು. ನಾಲ್ಕನೆಯ ವಾರವನ್ನು ಖಾಲಿ ಬಿಡಿ. ಹಿಂದೆ ಬಿದ್ದವರು ಅದರಲ್ಲಿ ಹಿಡಿದುಕೊಳ್ಳುತ್ತಾರೆ, ಮುಂದೆ ಇದ್ದವರು ತಮಗೆ ಇಷ್ಟವಾದದ್ದನ್ನು ತೆಗೆದುಕೊಳ್ಳುತ್ತಾರೆ. ಚಾಂದ್ ಒಂದು ದಿನ ಮೊದಲೇ ಕಂಡರೂ ನಾನಿಯ ಖತಮ್ ತಪ್ಪದ ಹಾಗೆ.

"ಪಿಯುಸಿ ಅಂದರೆ ಜೀವನದ ತಿರುವು. ಈಗ ಕಾದಂಬರಿ ಓದುವ ಹೊತ್ತಾ?" ಈ ಪ್ರಶ್ನೆ ನನ್ನ ಅಬ್ಬಾ ಕೂಡ ಕೇಳಿದರು. ಅವರ ಭಯ ನಿಜವಾದದ್ದು. ಸಿಇಟಿ, ನೀಟ್ ಎದುರಿಗಿವೆ, ಫೀಸು ಕಟ್ಟುವವರು ಅವರು. ನಾನು ವಾದಿಸಲಿಲ್ಲ. ಫೋನಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಕಳೆಯುತ್ತೇನೆ ಎಂದು ತೋರಿಸುವ ಪುಟ ಇದೆಯಲ್ಲ, ಅದನ್ನು ಅವರ ಮುಂದೆ ಹಿಡಿದೆ. ಎರಡು ಗಂಟೆ ಐವತ್ತು ನಿಮಿಷ. "ಇದರಲ್ಲಿ ಎಪ್ಪತ್ತು ನಿಮಿಷ ತೆಗೆದುಕೊಳ್ಳುತ್ತೇನೆ, ಫಿಸಿಕ್ಸಿನಿಂದ ಒಂದು ನಿಮಿಷವೂ ಬೇಡ" ಎಂದೆ. ಸುಮ್ಮನಾದರು. ಇನ್ನೊಂದು ಮಾತು. ವಿಜ್ಞಾನದವರಿಗೆ ಸಾಹಿತ್ಯ ಏಕೆ ಎನ್ನುವವರಿಗೆ, ನಮ್ಮ ಯಲಹಂಕ ದಾಟಿದರೆ ಸಿಗುವ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರನ್ನು ನೆನಪಿಸುತ್ತೇನೆ. ನಿತ್ಯೋತ್ಸವದ ಕವಿ ಎಂದು ಎಲ್ಲರಿಗೂ ಗೊತ್ತು. ಅವರು ಪಾಠ ಮಾಡುತ್ತಿದ್ದದ್ದು ಭೂವಿಜ್ಞಾನ.

ತಿಂಗಳು ನವೆಂಬರ್ ಆಗಬೇಕು ಎನ್ನುವುದಕ್ಕೂ ಕಾರಣವಿದೆ. ಈಗಿನ ವರ್ಷಗಳಲ್ಲಿ ರಂಜಾನ್ ಫೆಬ್ರವರಿ, ಮಾರ್ಚಿನ ಹೊತ್ತಿಗೆ ಬರುತ್ತಿದೆ. ನಮ್ಮ ವಾರ್ಷಿಕ ಪರೀಕ್ಷೆಯೂ ಆಗಲೇ. ಡಿಸೆಂಬರ್ ದಾಟಿದರೆ ಪ್ರಾಕ್ಟಿಕಲ್, ಪ್ರಿಪರೇಟರಿ. ನವೆಂಬರಿನಲ್ಲಿ ಉಸಿರಾಡಲು ಸ್ವಲ್ಪ ಜಾಗ ಇದೆ. ಕನ್ನಡ ಪುಸ್ತಕಗಳಿಗೆ ಅಂಗಡಿಗಳು ರಿಯಾಯಿತಿ ಕೊಡುವುದೂ ಆಗಲೇ. 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ.

ಪುಸ್ತಕ ಕೊಳ್ಳಲು ದುಡ್ಡಿಲ್ಲ ಎನ್ನುವವರಿಗೆ: ನಮ್ಮ ಮನೆಗಳ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಅದು ಶೇ 6. ಬಾಡಿಗೆ ಮನೆಯವರೂ ಬಾಡಿಗೆಯಲ್ಲಿ ಅದನ್ನು ಕೊಡುತ್ತಲೇ ಇದ್ದಾರೆ. ಸಾರ್ವಜನಿಕ ಗ್ರಂಥಾಲಯದ ಪುಸ್ತಕ ಅಂದರೆ ನಾವು ಆಗಲೇ ದುಡ್ಡು ಕೊಟ್ಟ ಪುಸ್ತಕ. ಮೈಸೂರಿನ ರಾಜೀವ್‌ನಗರದ ಸೈಯದ್ ಇಸಾಕ್ ಅವರನ್ನೂ ನೆನೆಯಿರಿ. ಕೂಲಿ ಮಾಡಿ ಬದುಕುವ ಅವರು ಜನರಿಗಾಗಿ ಒಂದು ಗ್ರಂಥಾಲಯ ನಡೆಸುತ್ತಿದ್ದರು. ಸುಮಾರು ಹನ್ನೊಂದು ಸಾವಿರ ಪುಸ್ತಕ, ಹೆಚ್ಚಿನವು ಕನ್ನಡದ್ದು. 2021ರ ಏಪ್ರಿಲಿನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟುತ್ತೇನೆ ಎಂದರು. ಜನ ಎಲ್ಲೆಲ್ಲಿಂದಲೋ ಹಣ, ಪುಸ್ತಕ ಕಳಿಸಿದರು. ಓದುವ ಅವಕಾಶ ತಮಗೆ ಸಿಗದಿದ್ದವರು ಬೇರೆಯವರಿಗೆ ಓದಿಸಲು ಇಷ್ಟು ಮಾಡಿದ್ದಾರೆ. ಅವಕಾಶ ಇರುವ ನಾವು?

ಕೊನೆಗೆ ನಮ್ಮ ಕಾಲೇಜಿಗೆ ನಾಲ್ಕು ಕೋರಿಕೆ. ಒಂದು, ನವೆಂಬರ್ ಒಂದು ತಿಂಗಳು ಮಾತ್ರ ಒಬ್ಬರಿಗೆ ಒಂದರ ಬದಲು ಎರಡು ಪುಸ್ತಕ ಕೊಡಿ. ಒಂದು ಹಿಡಿಸದಿದ್ದರೆ ಇನ್ನೊಂದು ಕೈಯಲ್ಲಿರುತ್ತದೆ, ಓದು ನಿಲ್ಲುವುದಿಲ್ಲ. ಎರಡು, ಊಟದ ಬಿಡುವಿನಲ್ಲಿ ಗ್ರಂಥಾಲಯ ತೆರೆದಿರಲಿ. ಮೂರು, ಚಾರ್ಟಿನಲ್ಲಿ ನಕ್ಷತ್ರದ ಬದಲು ಪುಟದ ಸಂಖ್ಯೆ ಬರೆಯಲು ಜಾಗ ಇರಲಿ, ಪಕ್ಕದಲ್ಲಿ ಆ ಪುಸ್ತಕದ ಬಗ್ಗೆ ನಮ್ಮದೇ ಒಂದು ಸಾಲು ಬರೆಯುವಂತಿರಲಿ. ಓದದೆ ಆ ಒಂದು ಸಾಲು ಬರೆಯಲು ಆಗುವುದಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ನಾಲ್ಕು, ಇದನ್ನು ಸ್ವಲ್ಪ ಹೆದರಿಕೊಂಡೇ ಬರೆಯುತ್ತಿದ್ದೇನೆ: ಸರ್, ಮೇಡಂ, ನಿಮ್ಮ ಹೆಸರೂ ಆ ಚಾರ್ಟಿನಲ್ಲಿ ಇರಲಿ. ಕೆಮಿಸ್ಟ್ರಿ ಸರ್ ಈ ವಾರ 120 ಪುಟ ಓದಿದ್ದಾರೆ ಎಂದು ಗೊತ್ತಾದರೆ ನಮಗೆ ಯಾವ ಬಹುಮಾನವೂ ಬೇಡ.

ಗೆಳೆಯರೇ, ಗೆಳತಿಯರೇ, ನಿಮಗೆ ಕೋರಿಕೆ ಒಂದೇ. ಒಬ್ಬೊಬ್ಬರೇ ಓದಬೇಡಿ, ಜೋಡಿಯಾಗಿ ಓದಿ. ಕನ್ನಡ ಚೆನ್ನಾಗಿ ಬರುವವರು ಒಬ್ಬರು, ಎಡವುವವರು ಒಬ್ಬರು. ಶ್ರಾವಣದ ಜಗಲಿಯಲ್ಲಿ ಒಬ್ಬರು ಓದಿ ಒಬ್ಬರು ಅರ್ಥ ಹೇಳಿದ ಹಾಗೆ. ನಾವು ಓದುತ್ತಿರುವ ಊರಿನ ಹೆಸರಿನಲ್ಲೇ ವಿದ್ಯೆಯೂ ಇದೆ, ಅರಣ್ಯವೂ ಇದೆ. ಅರಣ್ಯಕ್ಕೆ ಒಬ್ಬರೇ ಹೋಗಬಾರದು ಎಂದು ದೊಡ್ಡವರು ಹೇಳುತ್ತಾರಲ್ಲ.

ಅಂದ ಹಾಗೆ, ಜುಲೈಯ 840 ಪುಟಗಳಲ್ಲಿ 'ಕರ್ವಾಲೊ'ದ ಪುಟಗಳೂ ಇವೆ. ಈ ಸಲ ಮೊದಲ ಪುಟದಿಂದ ಕೊನೆಯ ಪುಟದವರೆಗೆ. ಮುಗಿಸಿದ ದಿನವೇ ಆ ಗೆಳತಿಯನ್ನು ಹುಡುಕಿಕೊಂಡು ಹೋಗಿ ಕಳೆದ ವರ್ಷದ ಸುಳ್ಳನ್ನು ಒಪ್ಪಿಕೊಂಡೆ. ಅವಳು ನಕ್ಕು, "ನಿನ್ನ ಮುಖ ನೋಡಿದಾಗಲೇ ಗೊತ್ತಾಗಿತ್ತು ಬಿಡೆ" ಎಂದಳು. ಆಮೇಲೆ ಮತ್ತೆ ಅದೇ ಪ್ರಶ್ನೆ: "ಸರಿ, ಈಗ ಹೇಳು, ಹಾರುವ ಓತಿ ಸಿಗುತ್ತಾ ಇಲ್ವಾ?"

ಈಗ ನನಗೆ ಗೊತ್ತಿತ್ತು. ಹೇಳಲಿಲ್ಲ. ಪುಸ್ತಕವನ್ನೇ ಅವಳ ಕೈಗೆ ಕೊಟ್ಟೆ.